ನಮ್ಮ ಜಿಲ್ಲೆಯ ಜನ ಎಲ್ಲಿಗೆ ಹೋದರು? ಜನಗಣತಿ ಲೆಕ್ಕದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆ ಕಡೆಯಿಂದ):
ಮೇಡಂ, ನಮಸ್ಕಾರ. ನೀವು ಸಾಂಖ್ಯಿಕ ಇಲಾಖೆಯಲ್ಲಿ ಇದ್ದವರು, ಅದಕ್ಕೇ ಕೇಳುತ್ತಿದ್ದೇನೆ. ಮಗಳ ಶಾಲೆಯ ಪ್ರಾಜೆಕ್ಟ್‌ಗೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಹುಡುಕಿದೆ. 2001ರಲ್ಲಿ 11,40,905. 2011ರಲ್ಲಿ 11,37,961. ಹತ್ತು ವರ್ಷ ಕಳೆದು ಜನ ಕಮ್ಮಿ ಆಗಿದ್ದಾರೆ! ಅಚ್ಚಿನ ತಪ್ಪಾ? ಪೇಟೆಗೆ ಹೋದರೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ, ಜನ ಕಮ್ಮಿ ಅಂದರೆ ನಂಬೋದು ಹೇಗೆ?

ಉತ್ತರ:
ತಪ್ಪಿಲ್ಲ ಸರ್, ಎರಡೂ ಅಂಕಿ ಸರಿ ಇವೆ. 2,944 ಜನ ಕಮ್ಮಿ. ಆ ಹತ್ತು ವರ್ಷದಲ್ಲಿ ಇಡೀ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದ ಜಿಲ್ಲೆ ನಮ್ಮದೊಂದೇ. ರಾಜ್ಯ ಶೇ. 15.6ರಷ್ಟು ಬೆಳೆಯಿತು. ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಹೋಯಿತು. ಪಕ್ಕದ ಹಾಸನ ಇಳಿಯಲಿಲ್ಲ. ಆದರೆ 17,21,669 ಇದ್ದದ್ದು 17,76,421 ಆಯಿತು, ಅಷ್ಟೇ. ಶೇ. 3ಕ್ಕಿಂತ ಚೂರು ಮೇಲೆ.

ಜನ ಕಮ್ಮಿ ಅಂದ ತಕ್ಷಣ ಎಲ್ಲರೂ "ಈಗ ಮಕ್ಕಳೇ ಹುಟ್ಟುತ್ತಿಲ್ಲ" ಅನ್ನುತ್ತಾರೆ. ಅದು ಅರ್ಧ ಮಾತು. 2010ರ ಸುಮಾರಿಗೆ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನಕ್ಕೆ ಸುಮಾರು 19 ಹುಟ್ಟು, 7 ಸಾವು. ನಮ್ಮಲ್ಲಿ ಹುಟ್ಟು ಅದಕ್ಕಿಂತ ಕಮ್ಮಿ ಅಂತಲೇ ಇಟ್ಟುಕೊಳ್ಳಿ. ಆದರೂ ಸತ್ತವರಿಗಿಂತ ಹುಟ್ಟಿದವರೇ ಜಾಸ್ತಿ. ಹಾಗಿದ್ದೂ ಒಟ್ಟು ಲೆಕ್ಕ ಇಳಿಯಿತು ಅಂದರೆ ಏನರ್ಥ? ಹುಟ್ಟಿನಿಂದ ಹೆಚ್ಚಾದಷ್ಟೂ ಜನ, ಅದರ ಮೇಲೆ ಇನ್ನೂ 2,944 ಜನ, ಹೊರಗಿನಿಂದ ಬಂದವರನ್ನು ಕಳೆದ ಮೇಲೂ, ಜಿಲ್ಲೆ ಬಿಟ್ಟಿದ್ದಾರೆ. 2,944 ಅಂತ ನೋಡಿ ಸುಮ್ನೆ ದಾಟಬೇಡಿ. ಹೊರಟವರ ಸಂಖ್ಯೆ ಅದರ ಎಷ್ಟೋ ಪಟ್ಟು.

ಮಗಳ ಕೈಯಲ್ಲಿ ಇನ್ನೊಂದು ಲೆಕ್ಕ ಮಾಡಿಸಿ. 2001ರಲ್ಲಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 984 ಹೆಂಗಸರು. 2011ರಲ್ಲಿ 1008. ಒಟ್ಟು ಜನರನ್ನು ಈ ಪ್ರಕಾರ ಹಂಚಿ ನೋಡಲಿ. ಹತ್ತು ವರ್ಷದಲ್ಲಿ ಗಂಡಸರು 8,000ಕ್ಕೂ ಜಾಸ್ತಿ ಇಳಿದಿದ್ದಾರೆ. ಹೆಂಗಸರು 5,000ಕ್ಕೂ ಮೇಲೆ ಏರಿದ್ದಾರೆ. ಜಿಲ್ಲೆ ಇಳಿಯಿತು ಅಂತ ನಾವು ಹೇಳುತ್ತೇವಲ್ಲ, ಇಳಿದವರು ಗಂಡಸರು ಮಾತ್ರ.

ಪೇಟೆಯ ಜಂಗುಳಿಗೂ ಕಾರಣ ಇದೆ. ಜಿಲ್ಲೆ ಇಳಿದ ಅದೇ ಹತ್ತು ವರ್ಷದಲ್ಲಿ ಚಿಕ್ಕಮಗಳೂರು ನಗರ ಒಂದು ಲಕ್ಷದ ಆಸುಪಾಸಿನಿಂದ 1,18,401ಕ್ಕೆ ಏರಿತು. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರುವ ಕಾರುಗಳ ಜನ ಈ ಲೆಕ್ಕದಲ್ಲಿ ಸೇರಿಲ್ಲ.

ಪ್ರಶ್ನೆ (ಸಕಲೇಶಪುರದಿಂದ):
ಅಕ್ಕ, ನಮ್ಮ ಹಾಸನ ಜಿಲ್ಲೆಯಲ್ಲೂ ಗಂಡಸರಿಗಿಂತ ಹೆಂಗಸರು ಜಾಸ್ತಿ ಅಂತ ಓದಿದೆ. ಹೆಣ್ಣುಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತೇವೆ ಅಂತ ಖುಷಿ ಪಡಬಹುದು ಅಲ್ವಾ?

ಉತ್ತರ:
ಸಾವಿರಕ್ಕೆ 1010. ರಾಜ್ಯದ ಲೆಕ್ಕ 973. ಆದರೆ ಈ ಒಂದು ಅಂಕಿ ಹಿಡಿದು ಖುಷಿ ಪಡಬೇಡಮ್ಮ, ವಯಸ್ಸಿನ ಪಟ್ಟಿ ತೆಗೆದು ನೋಡು. ಆರು ವರ್ಷದೊಳಗಿನ ಮಕ್ಕಳಲ್ಲಿ ಎರಡೂ ಜಿಲ್ಲೆಯಲ್ಲಿ ಹುಡುಗರೇ ಸ್ವಲ್ಪ ಜಾಸ್ತಿ. ಹುಟ್ಟುವಾಗ ಹಾಗಿರುವುದು ಸಹಜ. ಆ ವಯಸ್ಸಿನಲ್ಲಿ ನಾವು ರಾಜ್ಯದ 948ಕ್ಕಿಂತ ಮೇಲಿದ್ದೇವೆ, ಅದಕ್ಕೆ ಖಂಡಿತ ಸಮಾಧಾನ ಪಡೋಣ. ಮೇಲಿನ ವಯಸ್ಸಿನಲ್ಲಿ ಲೆಕ್ಕ ತಿರುಗುವುದಕ್ಕೆ ಎರಡು ಕಾರಣ. ದುಡಿಯುವ ಗಂಡುಮಕ್ಕಳು ಬೆಂಗಳೂರು, ಮಂಗಳೂರು ಅಂತ ಹೊರಟಿದ್ದಾರೆ. ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ.

2011ರ ಫೆಬ್ರವರಿಯಲ್ಲಿ ಗಣತಿಗೆ ಹೋದ ಮೇಷ್ಟ್ರ ಜೊತೆ ಮೇಲ್ವಿಚಾರಣೆಗೆ ಅಂತ ಒಂದು ಮನೆಗೆ ಹೋಗಿದ್ದೆ. ದೊಡ್ಡ ಹೆಂಚಿನ ಮನೆ. ಒಳಗೆ ಒಬ್ಬರೇ ಅಜ್ಜಿ. "ಮೂರು ಜನ ಮಕ್ಕಳನ್ನೂ ಬರ್ಕೊಳ್ಳಿ, ರೇಷನ್ ಕಾರ್ಡಿನಲ್ಲಿ ಹೆಸರಿದೆ" ಅಂದರು. ಮಕ್ಕಳು ಬೆಂಗಳೂರಿನಲ್ಲಿ ಸಂಸಾರ ಹೂಡಿ ವರ್ಷಗಳಾಗಿದ್ದವು. ಜನಗಣತಿಗೆ ರೇಷನ್ ಕಾರ್ಡು, ಓಟರ್ ಪಟ್ಟಿ ಯಾವುದೂ ಆಧಾರ ಅಲ್ಲ. ಆ ಸಲ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ. ಅಷ್ಟೂ ದಿನ ಮನೆಯಲ್ಲಿ ಇಲ್ಲದವರು ಎಲ್ಲಿದ್ದರೋ ಅಲ್ಲಿಯ ಲೆಕ್ಕಕ್ಕೆ. ಇದನ್ನು ಅಜ್ಜಿಗೆ ಬಿಡಿಸಿ ಹೇಳುವ ಹೊತ್ತಿಗೆ ನನಗೆ ಗಂಟಲು ಕಟ್ಟಿತು. ಫಾರಂನಲ್ಲಿ ಆ ಮನೆಗೆ ಒಂದೇ ಹೆಸರು ಬಿತ್ತು. ಶೃಂಗೇರಿ, ಕೊಪ್ಪ, ಸಕಲೇಶಪುರ, ಎಲ್ಲಿಯದೇ ಅಂಕಿ ನೋಡಿದರೂ ನನಗೆ ಆ ಅಜ್ಜಿ ನೆನಪಾಗುತ್ತಾರೆ.

ಪ್ರಶ್ನೆ (ಆಲ್ದೂರು ಹತ್ತಿರದ ತೋಟದವರು):
ಮೇಡಂ, ಮುಂದಿನ ಗಣತಿಯೂ ಫೆಬ್ರವರಿಯಲ್ಲೇ ಅಂತೆ. ಆಗ ನಮ್ಮಲ್ಲಿ ರೊಬಸ್ಟಾ ಕಾಫಿ ಕೊಯ್ಲು ಇರುತ್ತೆ. ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಗಳಲ್ಲಿ, ಅಸ್ಸಾಂನವರು ಇರುತ್ತಾರೆ. ಅವರನ್ನೂ ಬರೆಸಬೇಕಾ? ಸುಮ್ನೆ ತೊಂದರೆ ಯಾಕೆ ಅಂತ ತೋಟದ ಲೆಕ್ಕ ನೋಡುವ ರೈಟರ್ ಹೇಳುತ್ತಾರೆ.

ಉತ್ತರ:
ಬರೆಸಲೇಬೇಕು. ಇದನ್ನು ದಯವಿಟ್ಟು ರೈಟರಿಗೂ, ಮೇಸ್ತ್ರಿಗೂ ಈಗಲೇ ಹೇಳಿಡಿ. 2027ರ ಮಾರ್ಚ್ 1ರ ಹಿಂದಿನ ಮಧ್ಯರಾತ್ರಿಯ ಲೆಕ್ಕ ಅಂತ ಸರ್ಕಾರ ಗೊತ್ತುಮಾಡಿದೆ. ಎಣಿಕೆ ಅಷ್ಟೂ ದಿನ ನಿಮ್ಮ ಲೈನಿನಲ್ಲೇ ಇದ್ದವರನ್ನು ನೀವು ಬಿಟ್ಟರೆ ಅವರು ಊರಲ್ಲೂ ಇಲ್ಲ, ಇಲ್ಲೂ ಇಲ್ಲ. ದೇಶದ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಬೆಳಗ್ಗೆಯಿಂದ ಹಣ್ಣು ಕೊಯ್ದು, ಸಂಜೆ ಮೂಟೆ ಹೊತ್ತು ತೂಕಕ್ಕೆ ತರುವ ಜನ ಅವರು. ಹಾಗೆ ಬಿಡುವುದು ಅನ್ಯಾಯ.

ತೊಂದರೆ ಆಗುತ್ತೆ ಅನ್ನುವ ಭಯ ಬೇಡ. 1948ರ ಜನಗಣತಿ ಕಾಯ್ದೆ ಪ್ರಕಾರ ಒಬ್ಬೊಬ್ಬರ ವಿವರ ಗುಟ್ಟಾಗಿರುತ್ತದೆ. ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವಂತಿಲ್ಲ. ಗಣತಿಯವರು ಬರುವ ದಿನ ಗೊತ್ತಾದರೆ ಸಂಜೆ ಬರಲು ಹೇಳಿ. ಹಗಲು ಲೈನಿಗೆ ಬೀಗ ಇರುತ್ತದೆ. ಭಾಷೆ ಬರುವ ಒಬ್ಬ ಹುಡುಗನನ್ನು ಜೊತೆಗೆ ಕಳಿಸಿದರೆ ಮೇಷ್ಟ್ರಿಗೆ ಅರ್ಧ ಕೆಲಸ ಮುಗಿದಂತೆ. ಹುಟ್ಟಿದ ಊರು, ಮೊದಲು ಇದ್ದ ಊರು, ಬಂದ ಕಾರಣ ಇವೆಲ್ಲ 2011ರ ಫಾರಂನಲ್ಲೂ ಇದ್ದವು. ನಮ್ಮ ಕಡೆ ಯಾರು ಬಂದರು ಅಂತ ತಿಳಿಯುವುದು ಅಲ್ಲಿಂದಲೇ.

ಪ್ರಶ್ನೆ (ಅಜ್ಜಂಪುರದಿಂದ):
2011ರ ಪಟ್ಟಿಯಲ್ಲಿ ನಮ್ಮ ತಾಲ್ಲೂಕೇ ಇಲ್ಲವಲ್ಲ?

ಉತ್ತರ:
ಆಗ ನೀವು ತರೀಕೆರೆಯೊಳಗೆ ಇದ್ದಿರಿ. ಕಳಸ ಮೂಡಿಗೆರೆಯೊಳಗೆ ಇತ್ತು. ಹೊಸ ಅಂಕಿ ಬಂದಾಗ "ತರೀಕೆರೆಯಲ್ಲಿ ಜನ ಅರ್ಧ ಆದರು" ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ಹಳೇ ಪಟ್ಟಿಯಲ್ಲಿ ಹಳ್ಳಿವಾರು ಲೆಕ್ಕ ಇದೆ. ಈಗಿನ ತಾಲ್ಲೂಕಿನ ಹಳ್ಳಿಗಳನ್ನು ಕೂಡಿಸಿಕೊಂಡು ಹೋಲಿಸಿ.

ಪ್ರಶ್ನೆ (ಕೊಪ್ಪದಿಂದ):
ಮೇಡಂ, ಜನ ಕಮ್ಮಿ ಅಂತ ತೋರಿಸಿದರೆ ನಮಗೆ ಬರುವುದೂ ಕಮ್ಮಿ ಆಗಲ್ವಾ?

ಉತ್ತರ:
ಆಗುತ್ತೆ. ನನಗೆ ತುಂಬ ಬೇಸರ ಆಗೋದು ಇಲ್ಲೇ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೆ ಒಬ್ಬ ಸದಸ್ಯ. ಪ್ರಾಥಮಿಕ ಆರೋಗ್ಯ ಕೇಂದ್ರ ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು. ಎಲ್ಲವೂ ತಲೆ ಲೆಕ್ಕ. ಆದರೆ ಹುಡುಗರು ಹೊರಟು ಮುದುಕರು ಉಳಿದ ಊರಿನಲ್ಲಿ ಆಸ್ಪತ್ರೆಯ ಅಗತ್ಯ ಏರುತ್ತದೆ. 2,000 ಜನರ ಊರಿನಲ್ಲಿ 200 ಮುದುಕರಿದ್ದರೂ, 400 ಇದ್ದರೂ ಈ ಲೆಕ್ಕಕ್ಕೆ ಒಂದೇ. ಅದಕ್ಕೇ ಗ್ರಾಮಸಭೆಗೆ ಹೋಗುವಾಗ ಒಟ್ಟು ಜನಸಂಖ್ಯೆಯ ಜೊತೆ 60 ದಾಟಿದವರ ಅಂಕಿಯನ್ನೂ ಬರೆದುಕೊಂಡು ಹೋಗಿ. ಬಸ್ಸಿಗೆ, ನರ್ಸಮ್ಮನಿಗೆ ಒತ್ತಾಯ ಮಾಡೋಕೆ ಅದಕ್ಕಿಂತ ಗಟ್ಟಿ ಮಾತು ಇಲ್ಲ.

ಹಾಗೇ ಗಣತಿಯವರಿಗೆ ವಯಸ್ಸು ಸರಿಯಾಗಿ ಹೇಳಿ. 58 ಆದವರೂ 60 ಅನ್ನುತ್ತಾರೆ, 63 ಆದವರೂ 60 ಅನ್ನುತ್ತಾರೆ. ಪಟ್ಟಿ ತೆಗೆದರೆ 50, 55, 60ರಲ್ಲಿ ಜನ ಗುಂಪುಗೂಡಿ ನಿಂತಿರುತ್ತಾರೆ.

ಮೊದಲು ಪ್ರಶ್ನೆ ಕೇಳಿದವರು:
ಮೇಡಂ, ಮಗಳು ನಿನ್ನೆ ನಮ್ಮ ಊರಿನ 22 ಮನೆಗೂ ಹೋಗಿ ಕೇಳಿಕೊಂಡು ಬಂದಳು. 9 ಮನೆಯಲ್ಲಿ ಬರೀ ವಯಸ್ಸಾದವರು. 3 ಮನೆಗೆ ಬೀಗ. ನಮ್ಮ ಮನೆಯನ್ನೂ ಬರೆದಿದ್ದಾಳೆ. "ಅಪ್ಪ, ನಾನು ಕಾಲೇಜಿಗೆ ಹೋದ ಮೇಲೆ ನಿಮ್ಮದು 10ನೇ ಮನೆ" ಅಂದಳು.

ಉತ್ತರ:
ಜಾಣೆ. ಪ್ರತಿ ಮನೆಯಿಂದ ಯಾರು, ಯಾವ ವರ್ಷ, ಎಲ್ಲಿಗೆ ಹೋದರು ಅನ್ನುವ ಮೂರು ಕಾಲಂ ಸೇರಿಸಲು ಹೇಳಿ. ಆ ಹಾಳೆ ಜೋಪಾನವಾಗಿ ಇಡಿ. 2027ರ ಎಣಿಕೆ ಮುಗಿದ ಮೇಲೆ ಅದೇ 22 ಮನೆಗೆ ಇನ್ನೊಂದು ಸಲ ಹೋಗಲಿ. ನಿಮ್ಮ ಹಳ್ಳಿಯ ಅಂಕಿ ಹೊರಬಂದ ದಿನ ಎರಡೂ ಇಲ್ಲಿ ಹಾಕಿ. ನಾನು ಇರುತ್ತೇನೆ, ಕೂತು ನೋಡೋಣ.