ಹೀರೆ ಬಳ್ಳಿ ತುಂಬಾ ಹೂವು, ಕಾಯಿ ಮಾತ್ರ ಬೆರಳುದ್ದಕ್ಕೇ ಹಳದಿಯಾಗಿ ಉದುರುತ್ತಿದೆ. ಏನು ಮಾಡಲಿ?

ಹಿತ್ತಿಲಬಾಗಿಲು (ಮೈಸೂರು), ಜುಲೈ 14

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಹಿಂದೆ, ಬಟ್ಟೆ ಒಗೆಯೋ ಕಲ್ಲಿಂದ ಕಾಂಪೌಂಡ್ ತನಕ ಹತ್ತಡಿಗೆ ಹದಿನೈದಡಿ ಜಾಗ ಇದೆ. ಅತ್ತೆ ಇದ್ದಾಗ ಅಲ್ಲಿ ಕನಕಾಂಬರ, ಒಂದು ಕರಿಬೇವು. ಅವರು ಹೋದ ಮೇಲೆ ಎರಡು ವರ್ಷ ನಾನು ಆ ಕಡೆ ತಲೆ ಹಾಕಲಿಲ್ಲ, ಪಾರ್ಥೇನಿಯಂ ಸೊಂಟದ ಮಟ್ಟ ಬಂದಿತ್ತು. ಈ ಬೇಸಿಗೆಯಲ್ಲಿ ಹಟ ಹಿಡಿದು ಕಿತ್ತು, ಮಣ್ಣು ಅಗೆದು, ಅಡುಗೆಮನೆ ಗೊಬ್ಬರ ಹಾಕಿದೆ. ಅಗೆಯುವಾಗ ಸಿಕ್ಕಿದ್ದು: ಇಟ್ಟಿಗೆ ಚೂರು ಎರಡು ಬಾಂಡಲಿ, ಮಗನ ಗೋಲಿ ನಾಲ್ಕು, ಅತ್ತೆಯ ಒಂದು ಸ್ಟೀಲ್ ಚಮಚ.

ದಂಟು ಚೆನ್ನಾಗಿ ಬಂತು. ಬೆಂಡೆ ಪರವಾಗಿಲ್ಲ, ದಿನಾ ನಾಲ್ಕು ಕಾಯಿ. ನಾಲ್ಕು ಬೆಂಡೆಕಾಯಲ್ಲಿ ಏನು ಮಾಡೋದು ಅಂತ ಕೇಳಬೇಡಿ, ಮೂರು ದಿನ ಕೂಡಿಹಾಕಿ ಗೊಜ್ಜು ಮಾಡ್ತೀನಿ. ಟೊಮೇಟೊ ಎಲೆ ಸುರುಟಿಕೊಂಡು ಗಿಡ ಗಿಡ್ಡಕ್ಕೇ ನಿಂತುಬಿಟ್ಟಿತು, ಕಿತ್ತುಹಾಕಿದೆ.

ಈಗ ಹೀರೆ ವಿಷಯ. ರೋಹಿಣಿ ಮಳೆಯಲ್ಲಿ, ಮೇ 27ಕ್ಕೆ, ಎರಡು ಗುಂಡಿಗೆ ನಾಲ್ಕು ಬೀಜ ಹಾಕಿದ್ದೆ. ಹಳೇ ಆಂಟೆನಾ ಪೈಪಿಗೆ ಹಗ್ಗ ಕಟ್ಟಿ ಚಪ್ಪರ ಮಾಡಿದೀನಿ. ಎಲೆ ಅಂಗೈಗಿಂತ ದೊಡ್ಡದು, ಕಪ್ಪು ಹಸಿರು. ಹಳದಿ ಹೂ ಲೆಕ್ಕವಿಲ್ಲದಷ್ಟು. ಆದರೆ ಕಾಯಿ ಬೆರಳುದ್ದ ಆಗೋಷ್ಟರಲ್ಲಿ ಹಳದಿಗೆ ತಿರುಗಿ ಉದುರುತ್ತೆ. ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡೋ ಮುಂಚೆ ನೋಡಿದರೆ ಹೂವೆಲ್ಲ ಮುದುಡಿ ಕೂತಿರುತ್ತೆ. ಹುಳ ಇರಬಹುದು ಅಂತ ದಿನಾ ಸಂಜೆ ಬಂದ ತಕ್ಷಣ ಬೇವಿನೆಣ್ಣೆ, ಸೋಪಿನ ನೀರು ಸ್ಪ್ರೇ ಮಾಡ್ತಿದೀನಿ. ಅಂಗಡಿಯವರೊಬ್ಬರು 280 ರೂಪಾಯಿಗೆ ಒಂದು ಟಾನಿಕ್ ಕೊಟ್ಟರು, ಅದನ್ನೂ ಹಾಕಿದೆ. ಎಲೆ ಇನ್ನೂ ದೊಡ್ಡದಾಯ್ತು, ಅಷ್ಟೇ.

ನಮ್ಮೆಜಮಾನರು ಲೆಕ್ಕ ಇಟ್ಟಿದಾರೆ. ಇದಕ್ಕೆ ಸುರಿದ ದುಡ್ಡಲ್ಲಿ ದೇವರಾಜ ಮಾರ್ಕೆಟ್ಟಲ್ಲಿ ವರ್ಷಕ್ಕಾಗೋಷ್ಟು ಹೀರೆಕಾಯಿ ಬರ್ತಿತ್ತಂತೆ. ಅವರ ಬಾಯಿ ಮುಚ್ಚಿಸೋಕಾದರೂ ಒಂದು ಕಾಯಿ ಬೇಕು.

ಹಸಿರುಮನೆ, ಜುಲೈ 14

ಗೊಬ್ಬರ ಸಾಲದು ಮೇಡಂ. ಬುಡಕ್ಕೆ ಒಂದು ಹಿಡಿ ಯೂರಿಯಾ ಹಾಕಿ, ಎರಡು ಹೊತ್ತು ನೀರು ಬಿಡಿ. ನಿಲ್ಲುತ್ತೆ.

ಸಾಗರದ ಅತ್ತಿಗೆ, ಜುಲೈ 15

ಯೂರಿಯಾ ಮಾತ್ರ ಹಾಕಬೇಡಿ ಮಾರಾಯ್ರೆ! ಅಂಗೈಗಿಂತ ದೊಡ್ಡ ಎಲೆ, ಕಪ್ಪು ಹಸಿರು ಅಂತ ನೀವೇ ಬರೆದಿದ್ದೀರಿ. ಅದಕ್ಕೆ ಎಲೆ ಬೆಳೆಸುವ ಸಾರಜನಕ ಈಗಾಗಲೇ ಜಾಸ್ತಿ ಆಗಿದೆ, ಯೂರಿಯಾದಲ್ಲಿರುವುದೂ ಅದೇ. ಇನ್ನೂ ಕೊಟ್ಟರೆ ಬಳ್ಳಿ ಪಕ್ಕದ ಮನೆ ತಾರಸಿ ಹತ್ತುತ್ತದೆ, ಕಾಯಿ ಬರುವುದಿಲ್ಲ. ಒಲೆ ಬೂದಿ ಸಿಕ್ಕಿದರೆ ಬುಡದಿಂದ ಒಂದು ಗೇಣು ದೂರ ಎರಡು ಹಿಡಿ ಉದುರಿಸಿ, ಸಾಕು. ಟಾನಿಕ್ ಬಾಟಲಿ ಮುಚ್ಚಿಡಿ.

ಹೂವು ಅರಳಿದ್ದನ್ನು ನೀವು ನೋಡಿಯೇ ಇಲ್ಲ ಅಂತ ನನಗೆ ಅನಿಸುತ್ತದೆ. ಕುಂಬಳ, ಸೌತೆ ಬೆಳಗ್ಗೆ ಅರಳುತ್ತವೆ. ಹೀರೆ ಹಾಗಲ್ಲ, ಸಂಜೆ ಐದಾರರ ಹೊತ್ತಿಗೆ ಅರಳಿ, ಮಾರನೇ ದಿನ ಬಿಸಿಲೇರುವಾಗ ಬಾಡುತ್ತದೆ. ನಮ್ಮತ್ತೆ ಹೀರೆ ಹೂ ನೋಡಿಯೇ ದೀಪ ಹಚ್ಚಲು ಏಳುತ್ತಿದ್ದರು.

ಇನ್ನೊಂದು. ಉದುರುತ್ತಿರುವುದು ಕಾಯಿ ಅಲ್ಲ, ಕಾಯಿ ಆಗಬೇಕಾಗಿದ್ದ ಹೂವು. ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಉದ್ದ ತೊಟ್ಟಿನಲ್ಲಿ ಗೊಂಚಲಾಗಿ ಬರುವುದು ಗಂಡು. ಒಂಟಿಯಾಗಿ, ಬೆನ್ನಿಗೆ ಗೆರೆಗೆರೆಯ ಪುಟ್ಟ ಹೀರೆ ಕಟ್ಟಿಕೊಂಡೇ ಹುಟ್ಟುವುದು ಹೆಣ್ಣು. ಗಂಡು ಹೂವಿನ ಪುಡಿ ಮುಟ್ಟದಿದ್ದರೆ ಅದು ಎರಡು ಮೂರು ದಿನದಲ್ಲಿ ಹಳದಿಯಾಗಿ ಬೀಳುತ್ತದೆ. ಪುಡಿ ಮುಟ್ಟಿಸಬೇಕಾದ ಹುಳ ಹುಪ್ಪಟೆ ಬರುವುದೂ ಸಂಜೆಯೇ. ನೀವು ಸ್ಪ್ರೇ ಹಿಡಿದು ಬಾಗಿಲಲ್ಲಿ ನಿಲ್ಲುವುದೂ ಅದೇ ಹೊತ್ತಿಗೆ!

ಸ್ಪ್ರೇ ನಿಲ್ಲಿಸಿ. ಸಂಜೆ ಒಂದು ಗಂಡು ಹೂ ಕಿತ್ತು, ಅದರ ಎಸಳು ಹರಿದು ತೆಗೆಯಿರಿ. ನಡುವೆ ಹಳದಿ ಪುಡಿಯ ಗುಬುಟು ಉಳಿಯುತ್ತದೆ. ಹೆಣ್ಣು ಹೂವಿನ ನಡುವೆ ಅದನ್ನು ಮೆಲ್ಲಗೆ, ಕುಂಕುಮ ಇಟ್ಟ ಹಾಗೆ, ಸುತ್ತಲೂ ಮುಟ್ಟಿಸಿ. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂವಿಗೆ ಆಗುತ್ತದೆ. ಪುಡಿ ಒದ್ದೆಯಾಗಿದ್ದರೆ ಅಂಟುವುದಿಲ್ಲ. ಮಳೆ ದಿನ ಗಂಡು ಹೂವನ್ನು ಮೊಗ್ಗಲ್ಲೇ ಕಿತ್ತು, ಒಳಗೆ ನೀರಲ್ಲಿಟ್ಟು ಅರಳಿಸಿಕೊಳ್ಳಿ.

ಧಾರವಾಡದ ಕಾಕಾ, ಜುಲೈ 15

ಅತ್ತಿಗಿಯವರು ಹೇಳಿದ್ದು ಖರೆ ಅದ, ಆದ್ರ ಅಷ್ಟಕ್ಕ ಬಿಡಬ್ಯಾಡ್ರಿ ತಂಗಿ. ಬಿದ್ದ ಮಿಡಿ ನಾಲ್ಕು ತಗೊಂಡು ಬ್ಲೇಡಿಲೆ ಉದ್ದಕ ಸೀಳಿ ನೋಡ್ರಿ. ಒಳಗ ಸ್ವಚ್ಛ ಇದ್ರ ಪುಡಿ ಮುಟ್ಟಿಲ್ಲ. ಬಿಳಿ ಹುಳ ಮಿಸುಕಾಡಿದ್ರ ಅದು ಹಣ್ಣಿನ ನೊಣದ ಕೆಲಸ. ಹೊರಗ ಸೂಜಿ ಚುಚ್ಚಿದಂಥ ಕಲಿ, ಅದರ ಮ್ಯಾಲ ಅಂಟಿನ ಹನಿ ಇರ್ತದ. ಎಳೀ ಕಾಯಿ ಸಿಪ್ಪಿ ಒಳಗ ತತ್ತಿ ಇಡ್ತದ ಅದು. ಹುಳ ಬಲತು ಮಣ್ಣಿಗೆ ಇಳದು ಕೋಶ ಕಟ್ಟಿ ಮತ್ತ ನೊಣ ಆಗಿ ಏಳ್ತದ. ಅದಕ್ಕ ಬಿದ್ದ ಕಾಯಿ ತಿಪ್ಪಿಗೆ ಒಗೀಬಾರದು. ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಬಿಸಲಿಗೆ ಇಡ್ರಿ, ಬೇಯ್ಲಿ. ಬುಡದ ಮಣ್ಣು ವಾರಕ್ಕೊಮ್ಮೆ ಕೆದರ್ರಿ.

ನೊಣದ ಬಲಿ ಅಂತ ಡಬ್ಬಿ ಸಿಗ್ತಾವ. ನಾ ಹೋದ ವರ್ಷ ಮಾವಿನ ಗಿಡಕ್ಕ ಕಟ್ಟೂದು ತಂದು ಹಾಗಲಕ್ಕ ಕಟ್ಟಿ, ಬಲಿಯೊಳಗ ನೊಣ ತುಂಬಿದ್ರೂ ಹಾಗಲಕಾಯಿ ಹುಳ ಬೀಳೂದು ನಿಲ್ಲವಲ್ದಲ್ಲಾ ಅಂತ ಎರಡು ತಿಂಗಳು ತಲಿ ಕೆರಕೊಂಡೆ. ಬಲಿಯೊಳಗ ನೊಣ ಎಳಿಯಾಕ ಇಡೂ ವಾಸನಿ ಮದ್ದು ಮಾವಿಗೆ ಮಿಥೈಲ್ ಯೂಜಿನಾಲ್, ಬಳ್ಳಿ ಕಾಯಿಗೆ ಕ್ಯೂಲೂರ್. ಎರಡೂ ಬ್ಯಾರೆ ಬ್ಯಾರೆ ನೊಣಕ್ಕ. ಕ್ಯೂಲೂರ್ ಅಂತ ಬಾಯಿಬಿಟ್ಟು ಕೇಳಿ ತಗೋರಿ. ಅದಕ್ಕೂ ಗಂಡು ನೊಣ ಅಷ್ಟ ಬೀಳ್ತಾವ, ಹಿಂಗಾಗಿ ಕಾಯಿಗೆ ಮುಸುಕು ಹಾಕೂದು ತಪ್ಪೂದಿಲ್ಲ.

ಟೊಮೇಟೊ ಎಲಿ ಸುರುಟಿದ್ದು ಬಿಳಿ ನೊಣ ತರೂ ವೈರಸ್. ಔಷಧ ಹೊಡದ್ರ ಗಿಡ ತಿರುಗಿ ಬರೂದಿಲ್ಲ, ಕಿತ್ತಿದ್ದು ಛಲೋ ಆತು. ಮುಂದಿನ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಹಚ್ಚಿ ನೋಡ್ರಿ, ಅದು ಆ ರೋಗ ತಡಕೋತದ.

ಹಿತ್ತಿಲಬಾಗಿಲು, ಜುಲೈ 16

ಏಳು ಮಿಡಿ ಸೀಳಿದೆ. ಐದು ಸ್ವಚ್ಛ. ಎರಡರಲ್ಲಿ ಅಕ್ಕಿ ಕಾಳಿನಂಥ ಹುಳ, ಒಂದು ಟಣ್ ಅಂತ ನೆಗೆದು ನನ್ನ ಕೈ ಮೇಲೇ ಬಿತ್ತು. ಚೀಲ ಕಟ್ಟಿ ತಾರಸಿ ಮೇಲಿಟ್ಟಿದೀನಿ ಕಾಕಾ.

ಇವತ್ತು ಆರೂಮುಕ್ಕಾಲಿಗೆ ಮನೆ ತಲುಪಿದವಳು ಬ್ಯಾಗೂ ಇಡದೆ ಹಿಂದೆ ಓಡಿದೆ. ಅತ್ತಿಗೆ, ಚಪ್ಪರ ತುಂಬಾ ಹಳದಿ! ಇಷ್ಟು ದಿನ ಅದೇ ಬಾಗಿಲಲ್ಲಿ ಸ್ಪ್ರೇ ಬಾಟಲಿ ಹಿಡಿದು ನಿಂತರೂ ಕಣ್ಣಿಗೆ ಬಿದ್ದಿದ್ದು ಹುಳ ಮಾತ್ರ. ಸಣ್ಣಗೆ ಪರಿಮಳ ಬೇರೆ ಇದೆ. ಯಜಮಾನರು ಟಾರ್ಚ್ ಹಿಡಿದರು, ನಾಲ್ಕು ಹೂವಿಗೆ ಕುಂಕುಮ ಇಟ್ಟೆ. ಗುರುತಿಗೆ ಬ್ಲೌಸ್ ಹೊಲಿಯೋ ಕೆಂಪು ದಾರ ಕಟ್ಟಿದೀನಿ.

ಹಿತ್ತಿಲಬಾಗಿಲು, ಆಗಸ್ಟ್ 3

ವರದಿ ಒಪ್ಪಿಸ್ತೀನಿ. ದಾರ ಕಟ್ಟಿದ್ದು ಒಟ್ಟು ಹನ್ನೊಂದು ಹೂವಿಗೆ, ನಿಂತಿದ್ದು ಏಳು. ಮೂರನೇ ದಿನಕ್ಕೇ ಗೊತ್ತಾಗುತ್ತೆ. ನಿಲ್ಲೋ ಮಿಡಿಯ ತೊಟ್ಟು ದಪ್ಪ ಆಗಿ ಕೆಳಕ್ಕೆ ಬಾಗುತ್ತೆ.

ಮುಸುಕಿಗೆ ಪೇಪರ್ ಪೊಟ್ಟಣ ಕಟ್ಟಿದ್ದೆ. ಒಂದೇ ಮಳೆಗೆ ಮುದ್ದೆಯಾಗಿ ಕಾಯಿಗೆ ಅಂಟಿಕೊಂಡಿತು, ಅದರ ಮೇಲಿಂದಲೇ ನೊಣ ಒಂದನ್ನ ಚುಚ್ಚಿಬಿಟ್ಟಿತು. ಆಮೇಲೆ ಮಗನ ಸ್ಕೂಲಿನ ಹಳೇ ಸಾಕ್ಸ್ ನೆನಪಾಯ್ತು. ಬಿಳಿ ಸಾಕ್ಸ್, ಮೇಲೆ ನೀಲಿ ಪಟ್ಟೆ. ಕಾಯಿಗೆ ತೊಡಿಸಿ ತೊಟ್ಟಿನ ಹತ್ತಿರ ಸಡಿಲವಾಗಿ ಕಟ್ಟಿದೆ. ಒಳಗೆ ಕಾಯಿ ಬೆಳೆದ ಹಾಗೆ ಸಾಕ್ಸೂ ಹಿಗ್ಗುತ್ತೆ. ಚಪ್ಪರದ ತುಂಬಾ ಆರು ಕಾಲುಗಳು ನೇತಾಡ್ತಿದ್ದವು. ಪಕ್ಕದ ಮನೆಯವರು ಕೇಳಿದರು, ಬಟ್ಟೆ ಒಣಗಿಸೋಕೆ ಬೇರೆ ಜಾಗ ಇಲ್ವಾ ಅಂತ.

ಮೊದಲನೇದು 310 ಗ್ರಾಂ. ಕೊಯ್ಯೋಕೆ ಮನಸ್ಸು ಬರದೆ ಎರಡು ದಿನ ತಡ ಮಾಡಿದ್ದಕ್ಕೆ ಒಳಗೆ ಸ್ವಲ್ಪ ನಾರು. ತಿರುಳು ತೊವ್ವೆಗೆ ಹೋಯ್ತು. ಸಿಪ್ಪೆಯನ್ನ ಕಡಲೆಬೇಳೆ, ಒಣಮೆಣಸಿನಕಾಯಿ, ಹುಣಸೆ ಜೊತೆ ಹುರಿದು ಚಟ್ನಿ. ಯಜಮಾನರು ಚಟ್ನಿಗೆ ಮೂರು ಸಲ ಅನ್ನ ಕಲಸಿದರು, ಲೆಕ್ಕದ ಮಾತೆತ್ತಲಿಲ್ಲ. ಬಡಿಸಿದ್ದು ಮಣ್ಣಲ್ಲಿ ಸಿಕ್ಕಿದ ಅತ್ತೆ ಚಮಚದಲ್ಲೇ.

ಒಂದು ಅನುಮಾನ. ಎರಡನೇ ಕಾಯಿ ಹೆಚ್ಚುವಾಗ ತುದಿ ಬಾಯಿಗೆ ಹಾಕಿದೆ, ಕಹಿ. ಉಪ್ಪು ಹಚ್ಚಿಟ್ಟರೆ ಹೋಗುತ್ತಾ?

ಧಾರವಾಡದ ಕಾಕಾ, ಆಗಸ್ಟ್ 3

ಉಪ್ಪು ಗಿಪ್ಪು ಬ್ಯಾಡ, ಒಗೀರಿ ಅದನ್ನ. ಹಾಗಲದ ಕಹಿ ಬ್ಯಾರೆ. ಹೀರಿಕಾಯಿ, ಸ್ವಾರಿಕಾಯಿ, ಸವತಿಕಾಯಿ ಕಹಿ ಆದ್ರ ಅದು ಕುಕುರ್ಬಿಟಾಸಿನ್ ಅನ್ನೂ ವಿಷ, ಕುದಿಸಿದ್ರೂ ಹೋಗೂದಿಲ್ಲ, ವಾಂತಿ ಭೇದಿ ಹಚ್ತದ. ಪ್ರತಿ ಕಾಯಿ ತುದಿ ನಾಲಿಗಿಗೆ ಮುಟ್ಟಿಸಿ, ಉಗುಳಿ, ಆಮ್ಯಾಲೆ ಹೆಚ್ರಿ. ಆ ಬಳ್ಳಿದು ಮುಂದಿಂದೂ ಕಹಿ ಬಂದ್ರ ಬಳ್ಳಿನ ಕಿತ್ತಬಿಡ್ರಿ, ಅದರ ಬೀಜ ಇಡಬ್ಯಾಡ್ರಿ.

ಹಿತ್ತಿಲಬಾಗಿಲು, ಆಗಸ್ಟ್ 3

ಒಗೆದೆ. ನಾಲ್ಕರಲ್ಲಿ ಯಾವ ಬಳ್ಳಿದು ಅಂತ ಗೊತ್ತಿಲ್ಲ, ಎಲ್ಲ ಹೆಣೆದುಕೊಂಡಿವೆ. ನಾಳೆ ಬುಡದಿಂದ ಹಿಡಿದು ಹುಡುಕ್ತೀನಿ.

ಸಾಗರದ ಅತ್ತಿಗೆ, ಆಗಸ್ಟ್ 4

ಸಿಹಿ ಬಳ್ಳಿ ಯಾವುದೆಂದು ಖಾತ್ರಿಯಾದ ಮೇಲೆ ಅದರ ಒಂದು ಕಾಯಿ ಬೀಜಕ್ಕೆ ಬಿಡಿ. ಒಣಗಿ ಒಳಗೆ ಗಲಗಲ ಅನ್ನುವ ತನಕ ಮುಟ್ಟಬೇಡಿ. ಕಾಳಿನ ಜೊತೆ ಬಚ್ಚಲಿಗೆ ಉಜ್ಜುವ ನಾರೂ ಆಯಿತು.

ಅದಿರಲಿ, ಸಾಕ್ಸ್ ತೊಳೆದೇ ತೊಡಿಸಿದಿರಿ ತಾನೇ?