ಸಹಾಯ ಬೇಕು: ಮಗಳ ಕಾಲೇಜು ಅರ್ಜಿಯಲ್ಲಿ ನಮ್ಮ ಪಾಲು ಎಷ್ಟಿರಬೇಕು?

ಸದಸ್ಯರೆಲ್ಲರಿಗೂ ನಮಸ್ಕಾರ. ಹದಿನೇಳು ವರ್ಷದ ನಮ್ಮ ಮಗಳು ಕಾಮನ್ ಆ್ಯಪ್ (ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸಬಹುದಾದ ಆನ್‌ಲೈನ್ ವ್ಯವಸ್ಥೆ) ಮೂಲಕ ಅಮೆರಿಕದ ಕೆಲವು ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಅಂಕಪಟ್ಟಿ, ಶಿಫಾರಸು ಪತ್ರಗಳನ್ನು ಹೇಗೋ ನಿಭಾಯಿಸಿದ್ದೇವೆ. ತೊಡಕಾಗಿರುವುದು ಅವಳು ತನ್ನ ಬಗ್ಗೆ ಬರೆಯಬೇಕಾದ, 650 ಪದಗಳ ಮಿತಿಯ ಪ್ರಬಂಧ.

ಕಳೆದ ವಾರ ಅವಳು ಕರಡನ್ನು ಓದಲು ಕೊಟ್ಟಾಗ, ವ್ಯಾಕರಣವನ್ನಷ್ಟೇ ನೋಡುತ್ತೇನೆಂದು ಪೆನ್ನು ಹಿಡಿದ ನಾನು, ಅಜ್ಜಿಯ ಹೊಲಿಗೆ ಯಂತ್ರವನ್ನು ಬಿಚ್ಚಿ ಮತ್ತೆ ಜೋಡಿಸಲಾಗದೆ ಅವಳು ಪೇಚಾಡಿದ ಪ್ರಸಂಗವನ್ನು ಹೊಡೆದುಹಾಕಿ, ಆ ಜಾಗದಲ್ಲಿ ಅವಳಿಗೆ ಬಂದ ಬಹುಮಾನಗಳನ್ನು ಬರೆದುಬಿಟ್ಟೆ. "ಅಪ್ಪಾ, ಚೆನ್ನಾಗಿದೆ, ಆದರೆ ಇದರಲ್ಲಿ ನಾನಿಲ್ಲ" ಎಂದವಳು ಅಂದಿನಿಂದ ಕರಡನ್ನು ನಮಗೆ ತೋರಿಸಿಲ್ಲ. ತಪ್ಪು ನನ್ನದೇ. (ಬಹುಮಾನಗಳ ಪಟ್ಟಿಗೆ ಅರ್ಜಿಯಲ್ಲಿ ಬೇರೆಯೇ ಜಾಗವಿದೆಯೆಂಬುದು ನನಗೆ ಆಮೇಲೆ ತಿಳಿಯಿತು.)

ಇದರ ನಡುವೆ, ತನಗೆ ತುಂಬ ಇಷ್ಟವಾದ ಕಾಲೇಜಿಗೆ 'ಅರ್ಲಿ ಡಿಸಿಷನ್' ವಿಧಾನದಲ್ಲಿ ಅರ್ಜಿ ಹಾಕಬೇಕೆಂದು ಅವಳು ಹಟ ಹಿಡಿದಿದ್ದಾಳೆ. ಪ್ರವೇಶ ದೊರೆತರೆ ಅಲ್ಲಿಯೇ ಸೇರಬೇಕೆಂಬ ಆ ಒಪ್ಪಂದಕ್ಕೆ ಪೋಷಕರ ಸಹಿಯೂ ಬೇಕು. ಧನಸಹಾಯ ಸಾಲದಿದ್ದಲ್ಲಿ ಹಿಂದೆ ಸರಿಯಲು ಅವಕಾಶವಿದ್ದರೂ, ಬೇರೆ ಕಾಲೇಜುಗಳು ಎಷ್ಟು ನೆರವು ಕೊಡುತ್ತಿದ್ದವೆಂದು ಹೋಲಿಸಿ ನೋಡುವ ಅವಕಾಶ ತಪ್ಪಿಹೋಗುತ್ತದೆ. ಬಹಳಷ್ಟು ಕಾಲೇಜುಗಳಲ್ಲಿ ಇದರ ಗಡುವು ನವೆಂಬರ್ 1ರ ಆಸುಪಾಸಿನಲ್ಲಿರುತ್ತದೆ.

ಮಕ್ಕಳೊಂದಿಗೆ ಈ ಹಂತವನ್ನು ದಾಟಿದ ಪೋಷಕರು ದಯವಿಟ್ಟು ತಿಳಿಸಿ: ಪ್ರಬಂಧದ ವಿಷಯದಲ್ಲಿ ನೀವು ಎಲ್ಲಿಗೆ ನಿಲ್ಲಿಸಿದಿರಿ, ಸಹಿ ಹಾಕುವ ಮುನ್ನ ಹಣದ ಮಾತನ್ನು ಮಕ್ಕಳ ಮುಂದೆ ಎಷ್ಟು ಬಿಚ್ಚಿ ಹೇಳಿದಿರಿ?