ಪದ ಬೇಕು: ರೆಜೆಕ್ಸ್‌ನ "ಗ್ರೀಡಿ"ಗೆ ಲೋಭಿ ಅನ್ನಬಹುದಾ?

ನಮಸ್ಕಾರ. ಈ ಭಾನುವಾರ ಪುಣೆಯಲ್ಲಿ ಕರಡು ತಿದ್ದುವ ಕೆಲವರಿಗೆ ಒಂದು ಪಾಠ ಮಾಡುತ್ತಿದ್ದೇನೆ, ಕೈಪಿಡಿ ನಾಳೆ ಸಂಜೆ ಜೆರಾಕ್ಸ್‌ಗೆ ಹೋಗಬೇಕು. ವರ್ಡ್ ಕಡತದಲ್ಲಿರುವ ಕಾಮೆಂಟುಗಳನ್ನು ರೆಜೆಕ್ಸ್ (ಪಠ್ಯದಲ್ಲಿ ಒಂದು ಮಾದರಿಗೆ ಹೊಂದುವ ಭಾಗಗಳನ್ನು ಹುಡುಕುವ ಚಿಹ್ನೆಗಳ ಭಾಷೆ) ಬಳಸಿ ಹೊರಗೆ ತೆಗೆಯುವುದು ವಿಷಯ. ಡಾಕ್ಸ್ (ವರ್ಡ್ ಕಡತದ .docx ರೂಪ) ಅಂದರೆ ಜಿಪ್ ಗಂಟು ತಾನೇ, ಬಿಚ್ಚಿದರೆ ಕಾಮೆಂಟುಗಳಿಗೇ ಬೇರೆ ಎಕ್ಸ್‌ಎಂಎಲ್ ಕಡತ ಸಿಗುತ್ತದೆ, ಸಾಮಾನ್ಯವಾಗಿ ಎಲ್ಲವೂ ಒಂದೇ ಉದ್ದ ಸಾಲಿನಲ್ಲಿ. ಪ್ರತಿ ಕಾಮೆಂಟನ್ನೂ ಸುತ್ತಿದ ಗುರುತುಗಳಾದ ತೆರೆಯುವ ಟ್ಯಾಗ್, ಮುಚ್ಚುವ ಟ್ಯಾಗ್, ನಡುವೆ .* (ಯಾವ ಅಕ್ಷರವಾದರೂ, ಎಷ್ಟಾದರೂ) ಹಾಕಿದರೆ ಮೊದಲ ಕಾಮೆಂಟಿನಿಂದ ಕೊನೆಯದರವರೆಗೆ ಒಂದೇ ತುತ್ತು. .*? ಅಂತ ಬರೆದರೆ ಹತ್ತಿರದ ಮುಚ್ಚುವ ಟ್ಯಾಗಿಗೇ ನಿಲ್ಲುತ್ತದೆ. ಮೊದಲನೆಯದಕ್ಕೆ "ಲೋಭಿ" ಎಂದು ಬರೆದಿದ್ದೇನೆ. ಎರಡನೆಯದಕ್ಕೆ ಪದ ತೋಚುತ್ತಿಲ್ಲ.

ಮಾಟುಂಗಾದಿಂದ:
ನಿಮ್ಮ ಲೋಭಿ ಮರಾಠಿ ಲೋಭಿ, ದುರಾಸೆಯವನು. ಪುಣೆಯ ನೀರು! ಕನ್ನಡದಲ್ಲಿ ಲೋಭಿ ಅಂದರೆ ಸಾಮಾನ್ಯವಾಗಿ ಕೈ ಬಿಚ್ಚದವನು, ಜಿಪುಣ. ಅಂದರೆ ಅರ್ಥ ಪೂರ್ತಿ ತಿರುಗುಮುರುಗು. ಎಷ್ಟು ಬೇಕೋ ಅಷ್ಟನ್ನೇ ಮುಟ್ಟುವ .*? ಜಿಪುಣ, ಸಿಕ್ಕಿದ್ದೆಲ್ಲ ನುಂಗುವ .* ಹೊಟ್ಟೆಬಾಕ. ಮುಗೀತು. ಇನ್ನು "ಕಾಮೆಂಟ್" ಯಾಕೆ ಸ್ವಾಮಿ, ಷರಾ ಇಲ್ವಾ? ಎಷ್ಟೋ ರಿಜಿಸ್ಟರುಗಳ ಕೊನೆಯ ಕಾಲಂ ನೋಡಿ.

ವಾಸ್ಕೋದಿಂದ:
ಷರಾ ಯಾವ ಸೀಮೆಯ ಕನ್ನಡ? ಮೂಲ ಅರಬ್ಬಿಯ ಶರಹ್, ಮರಾಠಿಯಲ್ಲಿ ಶೇರಾ. ಲೋಭಿಯನ್ನು ಮುಂಬಾಗಿಲಿಂದ ಓಡಿಸಿ ಶೇರಾನನ್ನು ಹಿತ್ತಿಲಿಂದ ಕರೆದಿರಿ. ಟಿಪ್ಪಣಿಯೂ ಬೇಡ, ಅದು ಸಂಸ್ಕೃತ. "ಅಂಚುನುಡಿ" ಅನ್ನಿ, ಅಚ್ಚಕನ್ನಡ.

ಮಾಟುಂಗಾದಿಂದ:
ಅಂಚು ತೆರೆಯ ಮೇಲೆ ಮಾತ್ರ ಕಾಣುವುದು, ಆ ಎಕ್ಸ್‌ಎಂಎಲ್ ಒಳಗೆ ಅಂಚು ಎಲ್ಲಿದೆ? ಷರಾ ಹೊರಗೆ ಹೋಗಬೇಕಾದರೆ ಕಾಗದ, ಅರ್ಜಿ, ತಾರೀಖು, ವಕೀಲ ಎಲ್ಲ ಜೊತೆಗೇ ಗಂಟುಮೂಟೆ ಕಟ್ಟಬೇಕು. ಆಮೇಲೆ ನೀವು ಅರ್ಜಿ ಕೊಡುವುದು ಹೇಗೆ ಅಂತ ನೋಡೋಣ.

ವಾಸ್ಕೋದಿಂದ:
ಬಿನ್ನಹ ಕೊಡುತ್ತೇನೆ.

ಪುಣೆಯಿಂದ, ಕೇಳಿದವನು:
ಹೊಟ್ಟೆಬಾಕ, ಜಿಪುಣ ಎರಡನ್ನೂ ಹಾಕಿದೆ, ಥ್ಯಾಂಕ್ಸ್. ಕಾಮೆಂಟನ್ನು ಹಾಗೇ ಬಿಟ್ಟೆ, ಪಾಠಕ್ಕೆ ಬರುವವರು ಮೆನುವಿನಲ್ಲಿ ದಿನಾ ನೋಡುವುದು ಅದನ್ನೇ ಅಲ್ವಾ. ನೀವು ಜಗಳವಾಡುವಾಗ ನಾನು ಬೇರೆ ಕಡೆ ಸಿಕ್ಕಿಬಿದ್ದಿದ್ದೆ: ಎಲ್ಲ ಕಾಮೆಂಟುಗಳನ್ನು ಸುತ್ತಿದ ಹೊರಗಿನ ಟ್ಯಾಗಿನ ಹೆಸರು ಬಹುವಚನ, ಒಳಗಿನದು ಏಕವಚನ, ಮೊದಲ ಅಕ್ಷರಗಳು ಒಂದೇ. ಹಾಗಾಗಿ ನನ್ನ ಜಿಪುಣ ಹೊರಗಿನ ಟ್ಯಾಗಿಗೇ ತಗಲಿಕೊಂಡು ನಿಂತಿದ್ದ. ಹೆಸರಿನ ನಂತರ ಒಂದು ಸ್ಪೇಸ್ ಸೇರಿಸಿದೆ, ಬಿಟ್ಟ.